ಮೀಸಲು ಸ್ಥಾನವೂ ಸಂಯುಕ್ತ ಮತವೂ: ಕಲಬುರಗಿ ಸೀಮೆಯ ಒಂದು ನಿದರ್ಶನ

ಅಸ್ಪೃಶ್ಯರೆನಿಸಿದ್ದ ಜನರಿಗೆ ಶಾಸನಸಭೆಗಳಲ್ಲಿ ಸ್ಥಾನವಿರಬೇಕೆಂಬುದನ್ನು ದೇಶದ ಮುಖಂಡರು ಒಪ್ಪಿದ ಮೇಲೆಯೂ, ಆ ಸ್ಥಾನಗಳಿಗೆ ಪ್ರತಿನಿಧಿಗಳನ್ನು ಆರಿಸತಕ್ಕವರು ಯಾರೆಂಬ ಪ್ರಶ್ನೆ ಉಳಿದಿತ್ತು. ಡಾ. ಅಂಬೇಡ್ಕರರು ಪ್ರತ್ಯೇಕ ಮತಕ್ಷೇತ್ರಗಳನ್ನು ಬಯಸಿದರು. ಗಾಂಧಿಯವರು ಅದನ್ನು ವಿರೋಧಿಸಿ ಉಪವಾಸವನ್ನು ಕೈಕೊಂಡರು. ೧೯೩೨ನೆಯ ಸೆಪ್ಟೆಂಬರ್ ೨೪ರಂದು ಆದ ಪುಣೆಯ ಒಪ್ಪಂದದಲ್ಲಿ ಸ್ಥಾನ ಮೀಸಲು, ಮತ ಸಂಯುಕ್ತ ಎಂಬ ನಿರ್ಣಯವಾಯಿತು. ಸ್ವತಂತ್ರ ಭಾರತದ ಸಂವಿಧಾನವೂ ಈ ತತ್ತ್ವವನ್ನೇ ಅಂಗೀಕರಿಸಿತು. ಇದರಿಂದ, ಹಿಂದುಳಿದವರ ಪಕ್ಷವನ್ನು ವಹಿಸಿ ಮಾತನಾಡತಕ್ಕ ಪ್ರತಿನಿಧಿಯು ಮತಕ್ಕಾಗಿ ಮಾತ್ರ ಎಲ್ಲ ಜಾತಿಯವರ ಬಾಗಿಲಿಗೂ ಹೋಗಬೇಕಾಯಿತು. ಈ ನಿಯಮದ ಫಲವೇನೆಂಬುದನ್ನು ವಿಚಾರಿಸಲು ಕಲಬುರಗಿ ಸೀಮೆಯ ಇತಿಹಾಸವು ಉತ್ತಮ ನಿದರ್ಶನವಾಗಿದೆ.

ಈ ಸೀಮೆ ಪ್ರಾಚೀನವಾದುದು. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನಗಳೂ, ಅದರ ಸಮೀಪದ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪವೂ ದೊರೆತಿವೆ. ಸೇಡಂ ತಾಲೂಕಿನ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಚಾಲುಕ್ಯರ ಕಾಲದ ಘಟಿಕಾಸ್ಥಾನವಿತ್ತು. ಗ್ರಂಥಗಳನ್ನು ಕಾಯುವ ಸರಸ್ವತೀ ಭಂಡಾರಿಗರಿಗೂ ಅಲ್ಲಿ ವೃತ್ತಿ ಕಲ್ಪಿಸಲ್ಪಟ್ಟಿತ್ತೆಂದು ೧೦೫೮ರ ಶಾಸನದಿಂದ ತಿಳಿದುಬರುತ್ತದೆ. ಆದರೆ ಆ ವಿದ್ಯಾಸ್ಥಾನದ ಪ್ರಾಕಾರದ ಹೊರಗೆ ಉಳಿದವರ ಸಂಖ್ಯೆಯೇ ದೊಡ್ಡದು. ಶಹಾಬಾದದ ಕಲ್ಲುಗಣಿಗಳಲ್ಲಿಯೂ, ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿಯೂ, ಚಿಂಚೋಳಿಯ ಗುಡ್ಡಗಾಡಿನ ಲಂಬಾಣಿ ತಾಂಡಾಗಳಲ್ಲಿಯೂ ದುಡಿದು ಬಾಳಿದವರು ಬಹುಮಟ್ಟಿಗೆ ಅಂಥವರ ಸಂತತಿಯವರೇ.

ನಿಜಾಮರ ಆಳಿಕೆಗೆ ಒಳಪಟ್ಟಿದ್ದ ಈ ಪ್ರಾಂತವು ೧೯೪೮ನೆಯ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ವಿಲೀನವಾಯಿತು. ೧೯೫೬ರಲ್ಲಿ ಕನ್ನಡ ನಾಡಿನೊಡನೆ ಒಂದಾಯಿತು. ಈ ನಡುವೆ ೧೯೫೨ರಲ್ಲಿ, ಮುಕ್ತಿಸಂಗ್ರಾಮದ ನಾಯಕರಾಗಿದ್ದ ಸ್ವಾಮಿ ರಮಾನಂದ ತೀರ್ಥರು ಕಲಬುರಗಿಯಿಂದ ಲೋಕಸಭೆಗೆ ಆರಿಸಲ್ಪಟ್ಟಿದ್ದರು.

ಮುಂದಿನ ತಲೆಮಾರಿನಲ್ಲಿ ಪ್ರಸಿದ್ಧಿಗೆ ಬಂದವರು ಮಲ್ಲಿಕಾರ್ಜುನ ಖರ್ಗೆಯವರು. ೧೯೪೨ರಲ್ಲಿ ಬೀದರ ಜಿಲ್ಲೆಯ ವರವಟ್ಟಿಯಲ್ಲಿ ದಲಿತ ಕುಟುಂಬದಲ್ಲಿ ಹುಟ್ಟಿದ ಇವರು, ವಿಲೀನಕಾಲದ ಗಲಭೆಯ ಬೆಂಕಿಯಲ್ಲಿ ತಾಯಿಯನ್ನು ಕಳೆದುಕೊಂಡು, ತಂದೆಯೊಡನೆ ಕಲಬುರಗಿಯನ್ನು ಸೇರಿದರು. ಕಾನೂನನ್ನು ಅಭ್ಯಸಿಸಿ, ಎಂ.ಎಸ್.ಕೆ. ಗಿರಣಿಯ ಕಾರ್ಮಿಕ ಸಂಘಕ್ಕೆ ೧೯೬೯ರಲ್ಲಿ ನ್ಯಾಯಸಲಹೆಗಾರರಾದರು. ೧೯೭೨ರಿಂದ ೨೦೦೪ರವರೆಗೆ ಗುರುಮಠಕಲ್ ಕ್ಷೇತ್ರದಿಂದ ಎಂಟು ಸಲ ಆರಿಸಿಬಂದರು. ೨೦೦೮ರ ಕ್ಷೇತ್ರವಿಂಗಡಣೆಯಲ್ಲಿ ಗುರುಮಠಕಲ್ ಸಾಮಾನ್ಯ ಕ್ಷೇತ್ರವಾಗಿ ಚಿತ್ತಾಪುರವು ಮೀಸಲಾದುದರಿಂದ, ಒಂಬತ್ತನೆಯ ಸಲ ಅಲ್ಲಿಂದ ಜಯಶಾಲಿಗಳಾದರು. ಜನರು ಅವರನ್ನು ‘ಸೋಲಿಲ್ಲದ ಸರದಾರ’ ಎಂದು ಕರೆದರು. ೧೯೭೬ರಲ್ಲಿ ಪ್ರಾಥಮಿಕ ಶಿಕ್ಷಣದ ರಾಜ್ಯಮಂತ್ರಿಗಳಾಗಿ, ಪರಿಶಿಷ್ಟರಿಗೆ ಮೀಸಲಾಗಿಯೂ ತುಂಬದೆ ಬಿದ್ದಿದ್ದ ಉಪಾಧ್ಯಾಯರ ಹುದ್ದೆಗಳನ್ನು ತುಂಬಿಸಿದುದು, ೧೯೮೦ರಲ್ಲಿ ಕಂದಾಯಮಂತ್ರಿಗಳಾಗಿ ಭೂನ್ಯಾಯಮಂಡಳಿಗಳ ಕೆಲಸವನ್ನು ಚುರುಕುಗೊಳಿಸಿದುದು ಇವೆರಡೂ ಅವರ ಆರಂಭಕಾಲದ ಮುಖ್ಯ ಕಾರ್ಯಗಳು. ಹಿಂದೆ ಅಕ್ಷರವೂ ಭೂಮಿಯೂ ಯಾರಿಗೆ ದಕ್ಕಿರಲಿಲ್ಲವೋ ಅವರನ್ನು ಇವು ಮುಟ್ಟಿದುವು.

ಇವೆಲ್ಲಕ್ಕಿಂತ ವ್ಯಾಪಕವಾದುದು ಸಂವಿಧಾನದ ೩೭೧(ಜೆ) ವಿಧಿ. ಹೈದರಾಬಾದ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಬೇಕೆಂಬ ಬೇಡಿಕೆ ಹಳೆಯದು. ಚಿಂಚೋಳಿಯ ಶಾಸಕರಾಗಿದ್ದ ವೈಜನಾಥ ಪಾಟೀಲರು ಅದಕ್ಕಾಗಿ ದೀರ್ಘಕಾಲ ಹೋರಾಡಿದ್ದರು. ೨೦೦೯ರಲ್ಲಿ ಖರ್ಗೆಯವರು ಲೋಕಸಭೆಗೆ ಹೋಗಿ ಕೇಂದ್ರಮಂತ್ರಿಗಳಾದ ಮೇಲೆ, ೨೦೧೨ನೆಯ ಡಿಸೆಂಬರಿನಲ್ಲಿ ತಿದ್ದುಪಡಿಯು ಸಂಸತ್ತಿನ ಎರಡೂ ಸದನಗಳಲ್ಲಿ ಅಂಗೀಕೃತವಾಯಿತು. ಇದರ ಮೇರೆಗೆ ಪ್ರಾದೇಶಿಕ ಅಭಿವೃದ್ಧಿ ಮಂಡಳಿ ಏರ್ಪಟ್ಟಿತು. ಸ್ಥಳೀಯರಿಗೆ ವಿದ್ಯಾಲಯಗಳ ಪ್ರವೇಶದಲ್ಲಿಯೂ ಸರಕಾರದ ಹುದ್ದೆಗಳಲ್ಲಿಯೂ ಪಾಲು ನಿಗದಿಯಾಯಿತು. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಈ ಸೌಲಭ್ಯವು ಯಾವ ಒಂದು ಜಾತಿಗೂ ಸೇರಿದುದಲ್ಲ. ಆ ನೆಲದಲ್ಲಿ ಹುಟ್ಟಿದವರೆಲ್ಲರಿಗೂ ಸಲ್ಲತಕ್ಕುದು. ಸಂಯುಕ್ತ ಮತದ ಪದ್ಧತಿಯು ಪ್ರತಿನಿಧಿಯಿಂದ ಅಪೇಕ್ಷಿಸುವುದು ಇಂಥ ಸರ್ವಸಾಧಾರಣವಾದ ಹಿತವನ್ನೇ.

ಹಾಗಾದರೆ ಅದರ ಫಲವು ಮತಪೆಟ್ಟಿಗೆಯಲ್ಲಿ ಹೇಗೆ ಕಂಡಿತು? ೨೦೦೯ರಲ್ಲಿ ಖರ್ಗೆಯವರ ಗೆಲುವಿನ ಅಂತರ ೧೩,೪೦೪ ಮತಗಳು. ವಿಧಿಯು ಜಾರಿಗೆ ಬಂದ ಬಳಿಕ ೨೦೧೪ರಲ್ಲಿ ಅದು ೭೪,೭೩೩ಕ್ಕೆ ಏರಿತು. ಇದೇ ವಿಧಿಯನ್ನೂ, ಕಲಬುರಗಿಗೆ ತಂದ ಇ.ಎಸ್.ಐ. ವೈದ್ಯಕೀಯ ಮಹಾವಿದ್ಯಾಲಯ ಮೊದಲಾದ ಕಾರ್ಯಗಳನ್ನೂ ಮುಂದಿಟ್ಟು ೨೦೧೯ರಲ್ಲಿ ಅವರು ಮತ್ತೆ ಮತ ಕೇಳಿದಾಗ, ೯೫,೪೫೨ ಮತಗಳ ಅಂತರದಿಂದ ಪರಾಜಿತರಾದರು. ಆದರೆ ಅವರಿಗೆ ಬಿದ್ದ ಮತಗಳು ಕಡಮೆಯಾಗಿರಲಿಲ್ಲ: ೨೦೧೪ರ ೫,೦೭,೧೯೩ಕ್ಕೆ ಪ್ರತಿಯಾಗಿ ೨೦೧೯ರಲ್ಲಿ ೫,೨೪,೭೪೦. ಅದೇ ಅವಧಿಯಲ್ಲಿ ಭಾರತೀಯ ಜನತಾ ಪಕ್ಷದ ಮತಗಳು ೪,೩೨,೪೬೦ರಿಂದ ೬,೨೦,೧೯೨ಕ್ಕೆ ಬೆಳೆದುವು. ಆದಕಾರಣ ‘ಜನರು ಉಪಕಾರವನ್ನು ಮರೆತರು’ ಎಂಬ ಮಾತು ಅಂಕಿಗಳ ಮುಂದೆ ನಿಲ್ಲುವುದಿಲ್ಲ. ಆ ವರ್ಷ ಕರ್ನಾಟಕದ ೨೮ ಸ್ಥಾನಗಳಲ್ಲಿ ೨೫ನ್ನು ಅದೇ ಪಕ್ಷ ಗೆದ್ದಿತೆಂಬುದನ್ನೂ, ಮಾಲೀಕಯ್ಯ ಗುತ್ತೇದಾರ, ಬಾಬುರಾವ ಚಿಂಚನಸೂರ ಮೊದಲಾದ ಹಳೆಯ ಸಂಗಡಿಗರು ಎದುರುಪಕ್ಷವನ್ನು ಸೇರಿದ್ದರೆಂಬುದನ್ನೂ ಜೊತೆಗೆ ಎಣಿಸತಕ್ಕದ್ದು.

ಗೆದ್ದ ಡಾ. ಉಮೇಶ ಜಾಧವರು ಚಿಂಚೋಳಿಯ ಶಾಸಕರಾಗಿದ್ದವರು, ಲಂಬಾಣಿ ಸಮುದಾಯದವರು. ಚಿಂಚೋಳಿಯು ಬೀದರ ಲೋಕಸಭಾ ಕ್ಷೇತ್ರಕ್ಕೆ ಸೇರಿದ್ದುದರಿಂದ ಅವರ ಸ್ವಂತ ಕ್ಷೇತ್ರದ ಮತಗಳು ಅವರಿಗೆ ದೊರೆಯುವಂತಿರಲಿಲ್ಲ. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ. ಗಡಿಯಾಚೆಯ ತೆಲಂಗಾಣದಲ್ಲಿ ಅವರೇ ಪರಿಶಿಷ್ಟ ಪಂಗಡದವರು. ಹೀಗೆ ಒಂದೇ ಮೀಸಲು ಸ್ಥಾನಕ್ಕೆ ಹಿಂದುಳಿದವರಲ್ಲಿಯೇ ಎರಡು ಸಮುದಾಯದವರು ಸ್ಪರ್ಧಿಸಿದರು; ಅವರಲ್ಲಿ ಯಾರೆಂಬುದನ್ನು ನಿರ್ಣಯಿಸಿದವರು ಸಮಸ್ತ ಮತದಾರರು.

ಇದರಿಂದ ಸಿದ್ಧವಾಗುವುದಿಷ್ಟು. ಒಂದು ಸಮುದಾಯಕ್ಕೆ ಮಾಡಿದ ಉಪಕಾರವು ಋಣವಾಗಿ ನಿಲ್ಲಬಹುದು. ಶಾಸನದ ಮೂಲಕ ಸರ್ವರಿಗೂ ಕೊಟ್ಟುದು ಹಕ್ಕಾಗುತ್ತದೆ, ಹಕ್ಕಿಗೆ ಯಾರೂ ಋಣಿಗಳಲ್ಲ. ಸೋತ ಮರುದಿನವೂ ೩೭೧(ಜೆ) ವಿಧಿಯು ಸೇಡಂ, ಚಿಂಚೋಳಿಗಳ ವಿದ್ಯಾರ್ಥಿಗಳಿಗೆ ಮೊದಲಿನಂತೆಯೇ ಸಲ್ಲುತ್ತಿತ್ತು. ಖರ್ಗೆಯವರು ೨೦೨೦ರಲ್ಲಿ ರಾಜ್ಯಸಭೆಗೆ ಹೋದರು, ೨೦೨೨ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ೨೦೨೪ರಲ್ಲಿ ಅವರ ಅಳಿಯ ರಾಧಾಕೃಷ್ಣ ದೊಡ್ಡಮನಿಯವರು ಕಲಬುರಗಿಯ ಸ್ಥಾನವನ್ನು ಮರಳಿ ಪಡೆದರು. ಸ್ಥಾನವು ಕೈಯಿಂದ ಕೈಗೆ ಸಾಗುತ್ತದೆ. ಮತದಾರರು ಅದಕ್ಕೆ ಪ್ರತಿಸಲವೂ ಹೊಸದಾಗಿ ಬೆಲೆ ಕಟ್ಟುತ್ತಾರೆ. ಪ್ರತಿನಿಧಿಯು ನಾಡಿಗೆ ಬಿಟ್ಟುಹೋದ ಶಾಸನವಾದರೋ ಆ ಬೆಲೆಗೆ ಒಳಪಡದೆ ಉಳಿಯುತ್ತದೆ.