ಅರ್ಹತಾಪತ್ರವೂ ಕಾರ್ಯಭಾರವೂ

ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕೂಲಿಮಠ ನಡೆಸುತ್ತಿದ್ದ ಐಗಳಿಗೆ ದವಸಧಾನ್ಯವೂ ಹಬ್ಬದ ದಕ್ಷಿಣೆಯೂ ವೇತನವಾಗಿದ್ದ ಕಾಲದಲ್ಲಿ, ಅವರ ವಿದ್ಯೆಯನ್ನು ಅಳೆಯುವ ಪ್ರಮಾಣಪತ್ರವಾಗಲಿ ದುಡಿಮೆಯನ್ನು ಅಳೆಯುವ ಗಡಿಯಾರವಾಗಲಿ ಇರಲಿಲ್ಲ. 1868ರ ಸುಮಾರಿಗೆ ಶಿಕ್ಷಣ ಇಲಾಖೆಯ ಅಧಿಕಾರಿ ಬಿ. ಎಲ್. ರೈಸರ ಹೋಬಳಿ ಶಾಲೆಗಳ ಯೋಜನೆ ಬಂದ ತರುವಾಯ, ತರಬೇತಿ ಪಡೆದ ಉಪಾಧ್ಯಾಯನಿಗೆ ಸರ್ಕಾರದ ಸಂಬಳ ದೊರೆಯುವಂತಾಗಿ, ಪರೀಕ್ಷೆ ಗೆದ್ದವನ ಅನ್ನಕ್ಕೆ ಚ್ಯುತಿಯಿಲ್ಲವೆಂಬ ನಂಬುಗೆ ನಾಡಿನಲ್ಲಿ ಬೇರೂರಿತು.

ಆ ನಂಬುಗೆ ಎಷ್ಟು ಶಿಥಿಲವಾಗಿದೆಯೆಂಬುದನ್ನು ತುಮಕೂರು, ಗುಬ್ಬಿ, ಕುಣಿಗಲ್‌ಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ವರ್ಷವರ್ಷವೂ ಹೊಸದಾಗಿ ನೇಮಕಗೊಳ್ಳಬೇಕಾದ ಅತಿಥಿ ಉಪನ್ಯಾಸಕರನ್ನು ಕೇಳಬೇಕು. ಖಾಯಂ ಅಧ್ಯಾಪಕರಿಗೆ ಹಂಚಿ ಮಿಕ್ಕ ಪಾಠಗಳ ಗಂಟೆಗಳೇ, ಅಂದರೆ ಕಾರ್ಯಭಾರವೇ, ಇವರ ಜೀವನಾಧಾರ. 2022ರ ಜನವರಿಯವರೆಗೆ ನೆಟ್, ಸ್ಲೆಟ್ ಎಂಬ ಅರ್ಹತಾ ಪರೀಕ್ಷೆ ಗೆದ್ದವರಿಗೆ ಅಥವಾ ಪಿಎಚ್.ಡಿ. ಉಳ್ಳವರಿಗೆ ತಿಂಗಳಿಗೆ 13,000 ರೂಪಾಯಿ, ಇಲ್ಲದವರಿಗೆ 11,000 ರೂಪಾಯಿ ಗೌರವಧನ ಸಲ್ಲುತ್ತಿದ್ದಿತು. ಆ ತಿಂಗಳಿನಲ್ಲಿ ಸರ್ಕಾರವು ಅರ್ಹರಿಗೆ ಸೇವಾವಧಿಗೆ ಅನುಸಾರವಾಗಿ 30,000 ಅಥವಾ 32,000ವನ್ನೂ, ಉಳಿದವರಿಗೆ 26,000 ಅಥವಾ 28,000ವನ್ನೂ ಗೊತ್ತುಮಾಡಿತು. ಔದಾರ್ಯವೆಂದು ಹೊಗಳುವ ಮುನ್ನ ಅದರ ಇನ್ನೊಂದು ಮುಖವನ್ನೂ ನೋಡಬೇಕು: ವಾರಕ್ಕೆ ಎಂಟು ಹತ್ತು ಗಂಟೆಯಿದ್ದ ಕಾರ್ಯಭಾರವು ಹದಿನೈದಕ್ಕೆ ಏರಿತು; ಪಾಠಗಳ ಒಟ್ಟು ಮೊತ್ತ ಏರಲಿಲ್ಲವಾದುದರಿಂದ, ಇಬ್ಬರು ಉಣ್ಣುತ್ತಿದ್ದುದು ಒಬ್ಬನ ಪಾಲಾಗಿ, ಸಾವಿರಾರು ಮಂದಿ ಆಯ್ಕೆಪಟ್ಟಿಯಿಂದ ಹೊರಗುಳಿದರು. ಇರುಳೆಲ್ಲ ಓದಿ ಪದವಿ ಗಳಿಸಿದವನು ಆ ಪಟ್ಟಿಯಲ್ಲಿ ಮೇಲೇರಿದನೆಂದರೆ ಬಹುಕಾಲದ ಸಹೋದ್ಯೋಗಿ ಕೆಳಗಿಳಿದನೆಂದೇ ಅರ್ಥ; ಪಾಠಹಂಚಿಕೆ ಮುಗಿದ ಮೇಲೆ ಗಳಿಸಿದನೋ, ಆ ವರ್ಷ ಅವನಿಗೆ ಪತ್ರವಷ್ಟೇ ಲಾಭ.

ದುಡಿಮೆಯ ಗಂಟೆಗಳನ್ನು ಹೀಗೆ ಬದಲಿಸುವುದರ ಬಗೆಗೆ ಕಾನೂನು ಏನು ಹೇಳುತ್ತದೆ? 1947ರ ಕೈಗಾರಿಕಾ ವಿವಾದಗಳ ಕಾಯಿದೆಯ 9ಎ ಕಲಮು, ಕಾರ್ಮಿಕನ ದುಡಿಮೆಯ ವೇಳೆಯನ್ನು ಬದಲಿಸುವ ಮುನ್ನ ಮಾಲಿಕನು 21 ದಿನಗಳ ನೋಟಿಸು ಕೊಡಬೇಕೆಂದು ವಿಧಿಸಿತ್ತು. 1978ರಲ್ಲಿ ಬೆಂಗಳೂರಿನ ನೀರು ಸರಬರಾಜು ಮಂಡಲಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ವಿದ್ಯಾಸಂಸ್ಥೆಯೂ ಈ ಕಾಯಿದೆಯಡಿ ಒಂದು ಉದ್ಯಮವೇ ಎಂದಿತು. ಅಧ್ಯಾಪಕರಿಗೆ ಇದರಿಂದ ಬಾಗಿಲು ತೆರೆಯಿತೆಂದು ಭಾವಿಸಿದ್ದವರಿಗೆ, ಹತ್ತು ವರ್ಷ ಕಳೆದು 1988ರಲ್ಲಿ, ಸುಂದರಾಂಬಾಳ್ ಎಂಬ ಅಧ್ಯಾಪಕಿಯ ಪ್ರಕರಣದಲ್ಲಿ ಅದೇ ನ್ಯಾಯಾಲಯದ ತೀರ್ಪು ಅಧ್ಯಾಪಕನು ಆ ಕಾಯಿದೆಯರ್ಥದಲ್ಲಿ ಕಾರ್ಮಿಕನಲ್ಲವೆಂದು ಸಾರಿತು. ಅಧ್ಯಾಪನವು ಉದಾತ್ತ ವೃತ್ತಿಯಾದುದರಿಂದ ಅದು ಕಾರ್ಮಿಕನ ಕೆಲಸವಾಗದೆಂಬುದು ಅಲ್ಲಿನ ತರ್ಕ. ಗಿರಣಿಯ ಕೂಲಿಗಿರುವ ನೋಟಿಸಿನ ಹಕ್ಕನ್ನು ಕಳೆಯುವ ಇಂಥ ಗೌರವವನ್ನು ಬೇಡವೆನ್ನುವ ಅಧ್ಯಾಪಕನಿದ್ದರೆ ಅವನನ್ನು ನಾನಂತೂ ದೂರಲಾರೆ. ಖಾಸಗಿ ಕಾಲೇಜಿನವರಿಗೆ 1983ರ ಕರ್ನಾಟಕ ಶಿಕ್ಷಣ ಕಾಯಿದೆಯು ಮೇಲ್ಮನವಿಯ ನ್ಯಾಯಮಂಡಲಿಯನ್ನು ಒದಗಿಸಿದೆಯಾದರೂ, ಅದು ವಜಾ, ಹಿಂಬಡ್ತಿಗಳನ್ನು ಕುರಿತದ್ದು. ನಾಲ್ಕು ಗಂಟೆ ಕಡಿತಗೊಂಡವನು ವಜಾ ಆದವನಲ್ಲ.

2023ರ ನವೆಂಬರಿನಲ್ಲಿ ತರಗತಿಗಳನ್ನು ಬಹಿಷ್ಕರಿಸಿದ ಅತಿಥಿ ಉಪನ್ಯಾಸಕರಿಗೆ ಸರ್ಕಾರವು ಗೌರವಧನದ ಏರಿಕೆಯನ್ನು ಘೋಷಿಸಿತು. ಸೇವೆಯ ಖಾಯಮಾತಿ ಬೇಕೆಂದವರು ಅದಕ್ಕೆ ತೃಪ್ತರಾಗದೆ, 2024ರ ಜನವರಿಯಲ್ಲಿ ತುಮಕೂರಿನ ಸಿದ್ಧಗಂಗಾ ಮಠದಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟರು. ಅವರ ವಾದಕ್ಕೆ ಆಧಾರ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮದಲ್ಲಿಯೇ ಇತ್ತು: ಖಾಯಂ ಸಹಾಯಕ ಪ್ರಾಧ್ಯಾಪಕನಿಗೆ ವಾರಕ್ಕೆ 16 ಗಂಟೆಯ ಬೋಧನೆ; ಅತಿಥಿಗೆ ಸರ್ಕಾರ ವಿಧಿಸಿದ್ದು 15.