ಎಲೆಯೊಳಗಿನ ಗಡಿಯಾರ

ಸಂಜೆಯಾದೊಡನೆ ಹುಣಸೆಯ ಎಲೆಗಳು ಮಡಚಿಕೊಳ್ಳುವುದನ್ನು ನೀವು ನೋಡಿರಬಹುದು. ಬೆಳಕು ಹೋಯಿತು, ಎಲೆ ಮಡಚಿತು; ಇದರಲ್ಲೇನು ವಿಶೇಷ ಎನ್ನುತ್ತೀರಾ?

1729ರಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ದ ಮೇರಾನ್ ಅವರು ಮುಟ್ಟಿದರೆ ಮುನಿಯಂಥ ಗಿಡವೊಂದನ್ನು ಕತ್ತಲೆಯಲ್ಲಿಟ್ಟರು. ಬಿಸಿಲು ಕಾಣದಿದ್ದರೂ ಅದರ ಎಲೆಗಳು ಹಗಲು ಅರಳಿದವು, ರಾತ್ರಿ ಮುಚ್ಚಿದವು. ಗಿಡವು ಸೂರ್ಯನನ್ನು ಹೇಗೋ ಗ್ರಹಿಸುತ್ತಿರಬೇಕೆಂಬ ಊಹೆ ಹುಟ್ಟಿತು. ಆದರೆ 1832ರಲ್ಲಿ ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಡಿ ಕ್ಯಾಂಡೋಲ್ ಮತ್ತೊಂದು ಸಂಗತಿ ತಿಳಿಸಿದರು. ಹಗಲು–ರಾತ್ರಿಯ ವ್ಯತ್ಯಾಸ ತಿಳಿಯದಂತೆ ಇಟ್ಟಾಗ ಗಿಡದ 'ದಿನ' 22–23 ಗಂಟೆಗೇ ಮುಗಿಯುತ್ತಿತ್ತು! ಯೋಚಿಸಿ: ಸೂರ್ಯನಿಂದಲೇ ಸೂಚನೆ ಬರುವುದಾದರೆ ಅದು 24 ಗಂಟೆಗೊಮ್ಮೆ ಬರಬೇಕಿತ್ತು. ಅಂದರೆ ಗಡಿಯಾರ ಗಿಡದೊಳಗೇ ಇದೆ; ಬೆಳಕು ಅದನ್ನು ದಿನವೂ ಸರಿಪಡಿಸುತ್ತದೆ, ಅಷ್ಟೆ. 1930ರ ದಶಕದಲ್ಲಿ ಜರ್ಮನಿಯ ಎರ್ವಿನ್ ಬ್ಯುನ್ನಿಂಗ್, ಹುರುಳಿಕಾಯಿ ಗಿಡಗಳಲ್ಲಿ ಈ ಅವಧಿ ವಂಶಪಾರಂಪರ್ಯವಾಗಿ ಬರುವುದೆಂದು ತೋರಿಸಿದರು.

ಈ ಗಡಿಯಾರದಿಂದ ಗಿಡಕ್ಕೇನು ಲಾಭ? ಉತ್ತರ ಕೊಟ್ಟದ್ದು ಸಾಸಿವೆಯ ಬಳಗದ ಪುಟ್ಟ ಗಿಡ ಅರಾಬಿಡಾಪ್ಸಿಸ್. ಬೀಜದಿಂದ ಮತ್ತೆ ಬೀಜಕ್ಕೆ ಇದಕ್ಕೆ ಸುಮಾರು ಆರು ವಾರ ಸಾಕು. ಹಗಲು ತಯಾರಿಸಿದ ಆಹಾರದ ಒಂದು ಪಾಲನ್ನು ಅದು ಎಲೆಯಲ್ಲಿ ಪಿಷ್ಟವಾಗಿ ಕೂಡಿಟ್ಟು ರಾತ್ರಿ ಬಳಸುತ್ತದೆ. ಬೇಗ ಖರ್ಚಾದರೆ ಉಪವಾಸ. ಉಳಿದರೆ ಅಷ್ಟು ಬೆಳವಣಿಗೆ ನಷ್ಟ.

ಇಂಗ್ಲೆಂಡಿನ ಜಾನ್ ಇನ್ನೆಸ್ ಕೇಂದ್ರದ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. 12 ಗಂಟೆಗಳ ಹಗಲಿಗೆ ಒಗ್ಗಿದ ಗಿಡಗಳಿಗೆ ಒಂದು ದಿನ 8 ಗಂಟೆಗೇ ದೀಪ ಆರಿಸಿದರು. ಗಂಟು ಚಿಕ್ಕದು, ರಾತ್ರಿ ದೊಡ್ಡದು. ಗಿಡಗಳು ಅಂದೇ ಖರ್ಚನ್ನು ತಗ್ಗಿಸಿದವು. ಪಿಷ್ಟ ಬೆಳಗಿನವರೆಗೂ ಒದಗಿತು. ಆದರೆ 28 ಗಂಟೆಗಳ ಕೃತಕ ದಿನದಲ್ಲಿ ಲೆಕ್ಕ ತಪ್ಪಿತು. ಒಳಗಡಿಯಾರ 24 ಗಂಟೆಗೇ ಬೆಳಗನ್ನು ನಿರೀಕ್ಷಿಸಿತ್ತು. ಪಿಷ್ಟ ಆಗಲೇ ಮುಗಿದು, ಗಿಡಗಳು ಹಸಿದು, ಬೆಳವಣಿಗೆ ಕುಂಠಿತವಾಯಿತು.

ಎಲ್ಲ ಗಿಡಗಳೂ ಇಷ್ಟೇ ಶಿಸ್ತಿನವೆ? ನೀರಿನ ಮೇಲೆ ತೇಲುವ, ಗುಂಡುಸೂಜಿಯ ತಲೆಯಷ್ಟೇ ಇರುವ ವುಲ್ಫಿಯಾ ಅತಿ ವೇಗವಾಗಿ ಬೆಳೆಯುವ ಸಸ್ಯ; ಸುಮಾರು ಒಂದು ದಿನದಲ್ಲಿ ಇಮ್ಮಡಿಯಾಗಬಲ್ಲದು. 2021ರ ಅಧ್ಯಯನವೊಂದರಂತೆ ಅದರ ಜೀನ್‌ಗಳಲ್ಲಿ ಹಗಲು–ರಾತ್ರಿಯ ಲಯಕ್ಕೆ ಒಳಪಟ್ಟವು ಸುಮಾರು ಶೇ. 13 ಮಾತ್ರ, ಇತರ ಸಸ್ಯಗಳಲ್ಲಿ ಈ ಪ್ರಮಾಣ ಬಹಳ ಹೆಚ್ಚು. ಬೆಳೆಯುವುದೊಂದೇ ಕೆಲಸವಾದಾಗ ವೇಳಾಪಟ್ಟಿಯೂ ಚಿಕ್ಕದಾಗುವುದೇನೋ!

ನೀವೂ ಪರೀಕ್ಷಿಸಬಹುದು. ಮುಟ್ಟಿದರೆ ಮುನಿಯ ಕುಂಡವೊಂದನ್ನು ಎರಡು ದಿನ ಕತ್ತಲ ಕೋಣೆಯಲ್ಲಿಡಿ. ಆಗಾಗ ಮಂದ ಬೆಳಕಿನಲ್ಲಿ, ಮುಟ್ಟದೆ ನೋಡಿ, ಎಲೆ ಅರಳುವ, ಮುಚ್ಚುವ ವೇಳೆ ಬರೆದಿಡಿ. ದ ಮೇರಾನ್ ಕಂಡದ್ದನ್ನು ನೀವೂ ಕಾಣುವಿರಿ.