ನಿರ್ಲಕ್ಷಿತ ಕುದುರೆಗಳ ಪುನಶ್ಚೇತನ

ನಿರ್ಲಕ್ಷಿತ ಕುದುರೆಗಳ ಪುನಶ್ಚೇತನ ಎಂಬುದು ಮೇವು, ನೀರು, ನೆರಳು ಹಾಗೂ ಚಿಕಿತ್ಸೆ ದೊರೆಯದೆ ಸೊರಗಿದ ಕುದುರೆ, ತಟ್ಟು ಕುದುರೆ, ಕತ್ತೆ ಮತ್ತು ಹೇಸರಗತ್ತೆಗಳನ್ನು ಪ್ರಾಣಿದಯಾ ಸಂಸ್ಥೆಗಳು ರಕ್ಷಿಸಿದ ನಂತರ ಅವುಗಳಿಗೆ ಆರೋಗ್ಯವನ್ನೂ ಮನುಷ್ಯರ ಮೇಲಿನ ನಂಬಿಕೆಯನ್ನೂ ಮರಳಿಸುವ ಪ್ರಕ್ರಿಯೆಯಾಗಿದೆ. ಇದರಲ್ಲಿ ಪಶುವೈದ್ಯಕೀಯ ತಪಾಸಣೆ, ಹಂತ ಹಂತವಾದ ಆಹಾರಕ್ರಮ, ಜಂತುಹುಳು ಹಾಗೂ ಸಾಂಕ್ರಾಮಿಕ ರೋಗಗಳ ನಿಯಂತ್ರಣ, ಗೊರಸು ಮತ್ತು ಹಲ್ಲುಗಳ ಆರೈಕೆ, ಪಳಗಿಸುವಿಕೆ ಹಾಗೂ ಹೊಸ ಪಾಲಕರ ಆಯ್ಕೆ ಸೇರಿವೆ. ತೂಕ ಮರಳಲು ಕೆಲವು ತಿಂಗಳುಗಳೂ ಗೊರಸು ಪೂರ್ಣವಾಗಿ ಹೊಸದಾಗಲು ಸುಮಾರು ಒಂದು ವರ್ಷವೂ ಬೇಕಾಗುತ್ತದೆ. ಬಹುಕಾಲ ಹಸಿದಿದ್ದ ಕುದುರೆಗೆ ಒಮ್ಮೆಲೇ ಹೊಟ್ಟೆತುಂಬ ಉಣಿಸುವುದು ಪ್ರಾಣಾಪಾಯವನ್ನು ತರಬಲ್ಲದಾದ್ದರಿಂದ, ಮೊದಲ ಹತ್ತು ದಿನಗಳ ಆಹಾರಕ್ರಮವು ಈ ಪ್ರಕ್ರಿಯೆಯ ಅತ್ಯಂತ ಸೂಕ್ಷ್ಮ ಘಟ್ಟವೆನಿಸಿದೆ.

ಇತಿಹಾಸ

ಪ್ರಾಣಿಹಿಂಸೆಯ ವಿರುದ್ಧದ ಆರಂಭಿಕ ಕಾನೂನುಗಳಲ್ಲಿ ಒಂದು 1822ರಲ್ಲಿ ಬ್ರಿಟನ್ನಿನ ಸಂಸತ್ತಿನಲ್ಲಿ ರಿಚರ್ಡ್ ಮಾರ್ಟಿನ್ ಅವರ ಪ್ರಯತ್ನದಿಂದ ಅಂಗೀಕಾರವಾಯಿತು. ದನಕರುಗಳೊಡನೆ ಕುದುರೆಗಳಿಗೂ ಅದು ಅನ್ವಯಿಸುತ್ತಿತ್ತು. 1824ರಲ್ಲಿ ಲಂಡನ್ನಿನಲ್ಲಿ ಪ್ರಾಣಿಹಿಂಸಾ ನಿವಾರಣ ಸಂಘ ಸ್ಥಾಪನೆಯಾಯಿತು. 1840ರಲ್ಲಿ ರಾಜಮನ್ನಣೆ ಪಡೆದ ಈ ಸಂಘವು ಇಂದು ಆರ್‌ಎಸ್‌ಪಿಸಿಎ ಎಂದು ಪ್ರಸಿದ್ಧವಾಗಿದೆ.

ಕುದುರೆಗಳಿಗಾಗಿಯೇ ಮೀಸಲಾದ ಸಂಸ್ಥೆಗಳು ಇಪ್ಪತ್ತನೆಯ ಶತಮಾನದಲ್ಲಿ ಬೆಳೆದವು. ದುಡಿದು ಮುದಿಯಾದ ಬ್ರಿಟಿಷ್ ಕುದುರೆಗಳನ್ನು ಮಾಂಸಕ್ಕಾಗಿ ಬೆಲ್ಜಿಯಂಗೆ ಸಾಗಿಸುತ್ತಿದ್ದುದನ್ನು ಕಂಡು ನೊಂದ ಏಡಾ ಕೋಲ್ 1927ರಲ್ಲಿ ಆ ರಫ್ತಿನ ವಿರುದ್ಧ ಒಂದು ಸಂಘವನ್ನು ಕಟ್ಟಿದರು. ಅದೇ ಈಗಿನ ವರ್ಲ್ಡ್ ಹಾರ್ಸ್ ವೆಲ್ಫೇರ್. 1930ರಲ್ಲಿ ಸೇನಾಧಿಕಾರಿಯಾದ ಪತಿಯೊಡನೆ ಕೈರೋ ನಗರಕ್ಕೆ ಬಂದ ಡೊರೊಥಿ ಬ್ರೂಕ್ ಅಲ್ಲಿನ ಬೀದಿಗಳಲ್ಲಿ ಮೊದಲನೆಯ ಮಹಾಯುದ್ಧದ ಕುದುರೆಗಳನ್ನು ಕಂಡರು. ಯುದ್ಧ ಮುಗಿದ ಮೇಲೆ ಬ್ರಿಟಿಷ್ ಸೇನೆಯು ಅವುಗಳನ್ನು ಅಲ್ಲಿಯೇ ಮಾರಿಬಿಟ್ಟಿತ್ತು. 1931ರಲ್ಲಿ ಅವರು 'ಮಾರ್ನಿಂಗ್ ಪೋಸ್ಟ್' ಪತ್ರಿಕೆಗೆ ಬರೆದ ಪತ್ರಕ್ಕೆ ಓದುಗರಿಂದ ಧನಸಹಾಯ ಹರಿದುಬಂದಿತು. ಆ ಹಣದಿಂದ ಸುಮಾರು 5,000 ಕುದುರೆಗಳನ್ನು ಕೊಳ್ಳಲಾಯಿತು. ಅವುಗಳಲ್ಲಿ ಬಹುಪಾಲು ಚೇತರಿಸಿಕೊಳ್ಳಲಾರದಷ್ಟು ಜರ್ಜರಿತವಾಗಿದ್ದುದರಿಂದ ನೋವಿಲ್ಲದ ಸಾವನ್ನು ನೀಡಬೇಕಾಯಿತು. 1934ರಲ್ಲಿ ಅವರು ಕೈರೋದಲ್ಲಿ ಸ್ಥಾಪಿಸಿದ ಕುದುರೆಗಳ ಆಸ್ಪತ್ರೆಯು ಮುಂದೆ 'ಬ್ರೂಕ್' ಎಂಬ ಅಂತರರಾಷ್ಟ್ರೀಯ ಸಂಸ್ಥೆಯಾಗಿ ಬೆಳೆಯಿತು. ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದಲ್ಲಿ 1984ರಲ್ಲಿ ರೆಡ್‌ವಿಂಗ್ಸ್ ಎಂಬ ಆಶ್ರಯಧಾಮ ಆರಂಭವಾಯಿತು.

ನಿರ್ಲಕ್ಷ್ಯದ ಕಾರಣಗಳು

ಕುದುರೆಯ ಸ್ಥಿತಿ ಕೆಡಲು ಮಾಲೀಕರ ಕ್ರೌರ್ಯವೊಂದೇ ಕಾರಣವಲ್ಲ. ಬಡತನ, ಮಾಲೀಕರ ಅನಾರೋಗ್ಯ ಅಥವಾ ವೃದ್ಧಾಪ್ಯ, ಮೇವಿನ ಬೆಲೆಯೇರಿಕೆ, ಮಿತಿಮೀರಿದ ಸಂತಾನಾಭಿವೃದ್ಧಿ ಮತ್ತು ಅಜ್ಞಾನ ಇವೂ ಕಾರಣಗಳಾಗಿವೆ. 2008ರ ಆರ್ಥಿಕ ಹಿಂಜರಿತದ ತರುವಾಯ ಬ್ರಿಟನ್ನಿನಲ್ಲಿ ಕುದುರೆಗಳ ಬೆಲೆ ಕುಸಿದು, ಅವುಗಳನ್ನು ಪರರ ಹೊಲಗಳಲ್ಲಿ ಬಿಟ್ಟುಹೋಗುವ ಪ್ರವೃತ್ತಿ ಹೆಚ್ಚಿತು. ಇದನ್ನು ತಡೆಯಲು ವೇಲ್ಸ್‌ನಲ್ಲಿ 2014ರಲ್ಲಿಯೂ ಇಂಗ್ಲೆಂಡಿನಲ್ಲಿ 2015ರಲ್ಲಿಯೂ ಪ್ರತ್ಯೇಕ ಕಾನೂನುಗಳು ಬಂದವು.

ದೊಡ್ಡ ಪ್ರಕರಣಗಳಲ್ಲಿ ಒಂದು 2008ರ ಜನವರಿಯಲ್ಲಿ ಬಕಿಂಗ್‌ಹ್ಯಾಮ್‌ಶೈರ್‌ನ ಅಮರ್‌ಶ್ಯಾಮ್ ಬಳಿ ಬೆಳಕಿಗೆ ಬಂದಿತು. ಅಲ್ಲಿನ ಒಂದು ತೋಟದಿಂದ 100ಕ್ಕೂ ಹೆಚ್ಚು ಕುದುರೆ, ತಟ್ಟು ಕುದುರೆ ಹಾಗೂ ಕತ್ತೆಗಳನ್ನು ಜೀವಂತವಾಗಿ ಹೊರತರಲಾಯಿತು. ಅವುಗಳ ನಡುವೆಯೇ 30ಕ್ಕೂ ಹೆಚ್ಚು ಪ್ರಾಣಿಗಳ ಕಳೇಬರಗಳು ಬಿದ್ದಿದ್ದವು. ಅಷ್ಟೊಂದು ಪ್ರಾಣಿಗಳನ್ನು ಒಂದೇ ಸಂಸ್ಥೆ ನಿಭಾಯಿಸುವುದು ಅಸಾಧ್ಯವಾದ್ದರಿಂದ ಹಲವು ಸಂಸ್ಥೆಗಳು ಅವುಗಳನ್ನು ಹಂಚಿಕೊಂಡು ಸಲಹಿದವು.

ವಶಪಡಿಸಿಕೊಳ್ಳುವಿಕೆ ಮತ್ತು ಮೊದಲ ತಪಾಸಣೆ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2006ರ ಪ್ರಾಣಿ ಕಲ್ಯಾಣ ಕಾಯಿದೆಯ ಪ್ರಕಾರ, ಪ್ರಾಣಿಯು ಯಾತನೆಪಡುತ್ತಿದೆಯೆಂದು ಅಥವಾ ಸ್ಥಿತಿ ಬದಲಾಗದಿದ್ದರೆ ಯಾತನೆಗೆ ಒಳಗಾಗಬಹುದೆಂದು ಪಶುವೈದ್ಯರು ಪ್ರಮಾಣೀಕರಿಸಿದಲ್ಲಿ ಅದನ್ನು ವಶಪಡಿಸಿಕೊಳ್ಳಬಹುದು. ಈ ಅಧಿಕಾರ ಇರುವುದು ಪೊಲೀಸರಿಗೆ ಹಾಗೂ ಕಾಯಿದೆಯಡಿ ನೇಮಕಗೊಂಡ ಪರಿವೀಕ್ಷಕರಿಗೆ ಮಾತ್ರ. ದಯಾಸಂಸ್ಥೆಗಳ ಸಿಬ್ಬಂದಿ ಅವರ ಜೊತೆಗೂಡಿ ಕೆಲಸ ಮಾಡುತ್ತಾರೆ. ಪ್ರಕರಣವು ನ್ಯಾಯಾಲಯದಲ್ಲಿರುವಷ್ಟು ಕಾಲ ಕುದುರೆಯು ಸಾಕ್ಷ್ಯವೂ ಆಗಿರುವುದರಿಂದ ಅದರ ತೂಕ, ಛಾಯಾಚಿತ್ರ ಹಾಗೂ ರಕ್ತಪರೀಕ್ಷೆಯ ವರದಿಗಳನ್ನು ಕ್ರಮವಾಗಿ ದಾಖಲಿಸಲಾಗುತ್ತದೆ.

ಕುದುರೆಯ ಮೈಕಟ್ಟನ್ನು ಅಳೆಯಲು ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಡಾನ್ ಹೆನ್ನೆಕೆ 1983ರಲ್ಲಿ ಪ್ರಕಟಿಸಿದ ಮಾಪಕವು ವ್ಯಾಪಕವಾಗಿ ಬಳಕೆಯಲ್ಲಿದೆ. ಇದರಲ್ಲಿ 1 ಎಂದರೆ ಅಸ್ಥಿಪಂಜರದಂತೆ ಕೃಶವಾದ ಸ್ಥಿತಿ, 9 ಎಂದರೆ ಅತಿಯಾದ ಬೊಜ್ಜು. ಕತ್ತು, ಕತ್ತಿನ ಬುಡದ ಉಬ್ಬು, ಭುಜದ ಹಿಂಭಾಗ, ಪಕ್ಕೆಲುಬು, ಬೆನ್ನು ಮತ್ತು ಬಾಲದ ಬುಡ ಎಂಬ ಆರು ಕಡೆಗಳಲ್ಲಿನ ಕೊಬ್ಬನ್ನು ಪರಿಶೀಲಿಸಿ ಅಂಕ ನೀಡಲಾಗುತ್ತದೆ. ಬ್ರಿಟನ್ನಿನಲ್ಲಿ 0ಯಿಂದ 5ರವರೆಗಿನ ಮಾಪಕವೂ ರೂಢಿಯಲ್ಲಿದೆ. ಚಳಿಗಾಲದಲ್ಲಿ ದಟ್ಟವಾಗಿ ಬೆಳೆಯುವ ರೋಮವು ಕೃಶತೆಯನ್ನು ಮರೆಮಾಚುವುದರಿಂದ ನೋಟವನ್ನಷ್ಟೇ ನಂಬದೆ ಕೈಯಿಂದ ಮುಟ್ಟಿ ಪರೀಕ್ಷಿಸುವುದು ಅಗತ್ಯ. ಇದರೊಂದಿಗೆ ನಾಡಿಬಡಿತ (ವಿಶ್ರಾಂತಿಯಲ್ಲಿರುವ ಆರೋಗ್ಯವಂತ ಕುದುರೆಯಲ್ಲಿ ನಿಮಿಷಕ್ಕೆ 28ರಿಂದ 44), ದೇಹದ ಉಷ್ಣತೆ, ಉಸಿರಾಟ ಹಾಗೂ ನಿರ್ಜಲತೆಯನ್ನು ಗಮನಿಸಲಾಗುತ್ತದೆ.

ಹಸಿವೆ ಮತ್ತು ಮರುಆಹಾರದ ಅಪಾಯ

ಮೇವು ದೊರೆಯದ ಕುದುರೆಯ ದೇಹವು ಮೊದಲು ಸಂಗ್ರಹದಲ್ಲಿರುವ ಶರ್ಕರವನ್ನೂ ಅನಂತರ ಕೊಬ್ಬನ್ನೂ ಬಳಸಿಕೊಳ್ಳುತ್ತದೆ. ಕೊಬ್ಬು ಕರಗಿದ ಮೇಲೆ ಸ್ನಾಯುಗಳ ಪ್ರೋಟೀನೇ ಇಂಧನವಾಗುತ್ತದೆ. ಆಗ ಕಾಲು ಮತ್ತು ಬೆನ್ನಿನ ಸ್ನಾಯುಗಳಷ್ಟೇ ಅಲ್ಲದೆ ಹೃದಯದ ಸ್ನಾಯುವೂ ಕ್ಷೀಣಿಸುತ್ತದೆ.

ಈ ಸ್ಥಿತಿಯಲ್ಲಿ ಧಾನ್ಯ ಅಥವಾ ಬೆಲ್ಲದಂತಹ ಪಿಷ್ಟ-ಸಕ್ಕರೆಯುಕ್ತ ಆಹಾರವನ್ನು ಒಮ್ಮೆಲೇ ಕೊಟ್ಟರೆ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ. ಇನ್ಸುಲಿನ್ ಸಕ್ಕರೆಯನ್ನು ಜೀವಕೋಶಗಳೊಳಗೆ ಸೇರಿಸುವಾಗ ರಕ್ತದಲ್ಲಿರುವ ರಂಜಕ, ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ಕೂಡ ಒಳಸರಿಯುತ್ತವೆ. ಹಸಿವೆಯಿಂದ ಈ ಖನಿಜಗಳ ದಾಸ್ತಾನು ಮೊದಲೇ ಬರಿದಾಗಿರುವುದರಿಂದ ರಕ್ತದಲ್ಲಿ ಅವುಗಳ ಪ್ರಮಾಣ ಅಪಾಯಕರವಾಗಿ ಕುಸಿದು ಹೃದಯ, ಶ್ವಾಸಕೋಶ ಮತ್ತು ಮೂತ್ರಪಿಂಡಗಳು ವಿಫಲವಾಗಬಹುದು. ಇದನ್ನು ರೀಫೀಡಿಂಗ್ ಸಿಂಡ್ರೋಮ್ ಎಂದು ಕರೆಯಲಾಗುತ್ತದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಬಿಡುಗಡೆಯಾದ ಸೆರೆಯಾಳುಗಳಲ್ಲಿಯೂ ಇದೇ ವಿದ್ಯಮಾನ ಕಂಡುಬಂದಿತ್ತು. ಕುದುರೆಗಳಲ್ಲಿ ಸಾವು ಸಾಮಾನ್ಯವಾಗಿ ಮೊದಲ ಊಟದ ಮೂರರಿಂದ ಐದು ದಿನಗಳ ನಂತರ ಸಂಭವಿಸುತ್ತದೆ. ಕುದುರೆ ಚೇತರಿಸಿಕೊಳ್ಳುತ್ತಿದೆಯೆಂದು ಪಾಲಕರು ನಂಬಿದ ಹೊತ್ತಿನಲ್ಲಿ ಅದು ಕುಸಿಯುವುದರಿಂದ ಸಾವಿನ ಕಾರಣ ಸುಲಭವಾಗಿ ತಿಳಿಯುವುದಿಲ್ಲ.

ತಟ್ಟು ಕುದುರೆ ಮತ್ತು ಕತ್ತೆಗಳಲ್ಲಿ ಇನ್ನೊಂದು ಅಪಾಯವಿದೆ. ಅವು ಮೇವು ಬಿಟ್ಟಾಗ ದೇಹದ ಕೊಬ್ಬು ರಭಸದಿಂದ ರಕ್ತಕ್ಕೆ ಸೇರಿ ಯಕೃತ್ತನ್ನು ಹಾಳುಮಾಡುತ್ತದೆ. ಹೈಪರ್‌ಲಿಪೀಮಿಯ ಎಂಬ ಈ ಕಾಯಿಲೆಯು ಗಬ್ಬವಾಗಿರುವ ಹೆಣ್ಣುಗಳಲ್ಲಿ ಹೆಚ್ಚು.

ಆಹಾರಕ್ರಮ

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಪಶುವೈದ್ಯ ಶಾಲೆಯ ಸಂಶೋಧಕರು ದೀರ್ಘಕಾಲ ಹಸಿದ ಕುದುರೆಗಳಿಗೆ ಮೂರು ಬಗೆಯ ಆಹಾರಗಳನ್ನು ನೀಡಿ ಹೋಲಿಸಿ, 1998ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವುಗಳಲ್ಲಿ ಒಣಗಿಸಿದ ಕುದುರೆಮೆಂತೆ (ಲೂಸರ್ನ್) ಅತ್ಯಂತ ಸೂಕ್ತವೆಂದು ಕಂಡುಬಂದಿತು. ಅದರಲ್ಲಿ ಪಿಷ್ಟ ಕಡಿಮೆ. ಪ್ರೋಟೀನ್, ರಂಜಕ ಹಾಗೂ ಮೆಗ್ನೀಸಿಯಂ ಹೆಚ್ಚು. ಈ ಸಂಶೋಧನೆಯನ್ನು ಆಧರಿಸಿದ ಕ್ರಮವು ಸಾಧಾರಣ ಗಾತ್ರದ ಕುದುರೆಗೆ ಹೀಗಿದೆ:

1ರಿಂದ 3ನೆಯ ದಿನ: ಪ್ರತಿ ನಾಲ್ಕು ಗಂಟೆಗೊಮ್ಮೆ ಸುಮಾರು ಅರ್ಧ ಕಿಲೋಗ್ರಾಂ ಒಣ ಕುದುರೆಮೆಂತೆ. ಅಂದರೆ ದಿನಕ್ಕೆ ಸುಮಾರು 2.7 ಕಿಲೋಗ್ರಾಂ.

4ರಿಂದ 10ನೆಯ ದಿನ: ಪ್ರತಿ ಸಲದ ಪ್ರಮಾಣವನ್ನು ನಿಧಾನವಾಗಿ ಹೆಚ್ಚಿಸಿ, ಉಣಿಸುವ ಸಲಗಳನ್ನು ಕಡಿಮೆ ಮಾಡುವುದು. 6ನೆಯ ದಿನದ ಹೊತ್ತಿಗೆ ಎಂಟು ಗಂಟೆಗೊಮ್ಮೆ ಸುಮಾರು 2 ಕಿಲೋಗ್ರಾಂ.

10ನೆಯ ದಿನದ ನಂತರ: ದಿನಕ್ಕೆ ಎರಡು ಬಾರಿ, ಕುದುರೆ ತಿನ್ನುವಷ್ಟು.

ಶುದ್ಧವಾದ ನೀರು ಸದಾ ಲಭ್ಯವಿರಬೇಕು. ಆರಂಭದ ದಿನಗಳಲ್ಲಿ ಧಾನ್ಯ ನೀಡುವುದಿಲ್ಲ. ರಾತ್ರಿಯೂ ಸೇರಿ ಗಡಿಯಾರ ನೋಡಿ ಉಣಿಸಬೇಕಾಗುವುದರಿಂದ ಈ ಘಟ್ಟದಲ್ಲಿ ಸಿಬ್ಬಂದಿಯ ಶ್ರಮ ಅಧಿಕ. ಮೇವಿಗಾಗಿ ಹಾತೊರೆಯುವ ಪ್ರಾಣಿಯ ಮುಂದೆ ಅಳೆದ ಹಿಡಿಯನ್ನಷ್ಟೇ ಇಡುವುದು ನಿರ್ದಯವೆಂದು ತೋರಿದರೂ ಅದರ ಜೀವ ಉಳಿಯುವುದು ಈ ಮಿತಿಯಿಂದಲೇ. ಸುಮಾರು ಎರಡು ವಾರಗಳ ನಂತರ ಕಿವಿ, ಕಣ್ಣು ಮತ್ತು ತಲೆಯ ಚಲನೆಯಲ್ಲಿ ಚುರುಕು ಕಾಣಿಸಿಕೊಳ್ಳುತ್ತದೆ. ಹೆಚ್ಚಿನ ಕುದುರೆಗಳು ಮೂರರಿಂದ ಐದು ತಿಂಗಳಲ್ಲಿ ಸಹಜ ತೂಕದ ಸಮೀಪಕ್ಕೆ ಬರುತ್ತವೆ.

ಚೇತರಿಸಿಕೊಂಡ ಪ್ರಾಣಿಯನ್ನು ಹಠಾತ್ತನೆ ಸಮೃದ್ಧ ಹಸಿರು ಹುಲ್ಲಿಗೆ ಬಿಟ್ಟರೆ ಗೊರಸಿನೊಳಗೆ ಉರಿಯೂತ ಉಂಟಾಗುವ ಲ್ಯಾಮಿನೈಟಿಸ್ ಬರಬಹುದು. ವಿಶೇಷವಾಗಿ ತಟ್ಟು ಕುದುರೆಗಳಲ್ಲಿ ಈ ಎಚ್ಚರ ಅಗತ್ಯ.

ರೋಗ ಮತ್ತು ಪರೋಪಜೀವಿಗಳ ನಿಯಂತ್ರಣ

ಹೊಸದಾಗಿ ಬಂದ ಕುದುರೆಗಳನ್ನು ಉಳಿದವುಗಳಿಂದ ಕೆಲವು ವಾರ ಪ್ರತ್ಯೇಕವಾಗಿ ಇರಿಸಲಾಗುತ್ತದೆ. ಸ್ಟ್ರ್ಯಾಂಗಲ್ಸ್ ಎಂಬ ಬ್ಯಾಕ್ಟೀರಿಯಾ ರೋಗವು ಇದಕ್ಕೆ ಮುಖ್ಯ ಕಾರಣ. ಜ್ವರ, ಮೂಗಿನ ಕೀವು ಹಾಗೂ ಗಂಟಲಿನ ಗ್ರಂಥಿಗಳ ಊತ ಇದರ ಲಕ್ಷಣಗಳು. ಗುಣವಾದಂತೆ ಕಾಣುವ ಕೆಲವು ಕುದುರೆಗಳು ರೋಗಾಣುವನ್ನು ಬಹುಕಾಲ ಹೊತ್ತಿರುತ್ತವೆ.

ನಿರ್ಲಕ್ಷಿತ ಕುದುರೆಗಳಲ್ಲಿ ಜಂತುಹುಳುಗಳ ಬಾಧೆ ತೀವ್ರವಾಗಿರುತ್ತದೆ. ಸಣ್ಣ ಕೆಂಪುಹುಳುವಿನ ಮರಿಗಳು ಕರುಳಿನ ಗೋಡೆಯಲ್ಲಿ ಹುದುಗಿದ್ದು, ಒಮ್ಮೆಲೇ ಹೊರಬಂದರೆ ಮಾರಕ ಭೇದಿ ಉಂಟಾಗುತ್ತದೆ. ಹುದುಗಿರುವ ಮರಿಗಳು ಲದ್ದಿಯಲ್ಲಿನ ಮೊಟ್ಟೆ ಎಣಿಕೆಯಲ್ಲಿ ಗೋಚರಿಸುವುದಿಲ್ಲ. ಕೃಶವಾದ ಪ್ರಾಣಿಗೆ ಔಷಧಿಯ ಪ್ರಮಾಣ ಮೀರುವ ಸಂಭವವಿರುವುದರಿಂದ ಯಾವ ಔಷಧಿಯನ್ನು ಎಂದು ಕೊಡಬೇಕೆಂಬುದನ್ನು ಪಶುವೈದ್ಯರೇ ನಿರ್ಧರಿಸುತ್ತಾರೆ. ಹೇನು, ಮಳೆಯಲ್ಲಿ ನೆನೆದು ಉಂಟಾದ ಚರ್ಮದ ಹಕ್ಕಳೆ ಮತ್ತು ಹಗ್ಗ ಕತ್ತರಿಸಿದ ಗಾಯಗಳಿಗೂ ಚಿಕಿತ್ಸೆ ಬೇಕಾಗುತ್ತದೆ.

ಗೊರಸು ಮತ್ತು ಹಲ್ಲು

ಕುದುರೆಯ ಗೊರಸು ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರಿನಷ್ಟು ಬೆಳೆಯುತ್ತದೆ. ಸಾಮಾನ್ಯವಾಗಿ ಆರರಿಂದ ಎಂಟು ವಾರಗಳಿಗೊಮ್ಮೆ ಕತ್ತರಿಸಬೇಕಾದ ಗೊರಸನ್ನು ಹಾಗೆಯೇ ಬಿಟ್ಟರೆ ಅದು ಸೀಳುತ್ತದೆ ಇಲ್ಲವೇ ಮುಂದಕ್ಕೆ ಸುರುಳಿಯಾಗಿ ಬೆಳೆಯುತ್ತದೆ. ಇದರಿಂದ ಕಾಲಿನ ಕೀಲು ಹಾಗೂ ಸ್ನಾಯುರಜ್ಜುಗಳ ಮೇಲೆ ತಪ್ಪಾದ ಭಾರ ಬೀಳುತ್ತದೆ. ಬಹಳ ಬೆಳೆದ ಗೊರಸನ್ನು ಲಾಳ ಕಟ್ಟುವ ತಜ್ಞರು ಒಂದೇ ದಿನದಲ್ಲಿ ಸರಿಪಡಿಸದೆ ಹಲವು ಸಲ ಸ್ವಲ್ಪಸ್ವಲ್ಪವಾಗಿ ಕತ್ತರಿಸುವುದುಂಟು. ಗೊರಸಿನ ಮುಂಭಾಗವು ಪೂರ್ತಿ ಹೊಸದಾಗಲು 9ರಿಂದ 12 ತಿಂಗಳು ಬೇಕು.

ಕುದುರೆಯ ಹಲ್ಲುಗಳು ವರ್ಷಕ್ಕೆ 2ರಿಂದ 3 ಮಿಲಿಮೀಟರಿನಷ್ಟು ಹೊರಬರುತ್ತಲೇ ಇದ್ದು, ಮೇವು ಅಗಿಯುವುದರಿಂದ ಸವೆಯುತ್ತವೆ. ಸವೆತ ಅಸಮವಾದಾಗ ಅಂಚುಗಳು ಮೊನಚಾಗಿ ಕೆನ್ನೆ ಮತ್ತು ನಾಲಿಗೆಯನ್ನು ಗಾಯಗೊಳಿಸುತ್ತವೆ. ಅರದಿಂದ ಅವುಗಳನ್ನು ಉಜ್ಜಿ ಸಮಗೊಳಿಸದಿದ್ದರೆ ಒಳ್ಳೆಯ ಮೇವಿದ್ದರೂ ಕುದುರೆ ಅದನ್ನು ಅಗಿಯಲಾರದು.

ವರ್ತನೆಯ ಪುನಶ್ಚೇತನ

ರಕ್ಷಿಸಲಾದ ಕುದುರೆಗಳಲ್ಲಿ ಕೆಲವು ಮನುಷ್ಯಸ್ಪರ್ಶವನ್ನೇ ಅರಿಯದವು, ಕೆಲವು ಹೊಡೆತದ ನೆನಪುಳ್ಳವು. ಕುದುರೆಯು ಅಪಾಯ ಕಂಡೊಡನೆ ಓಡುವ ಸ್ವಭಾವದ ಪ್ರಾಣಿಯಾದ್ದರಿಂದ ಬಲಪ್ರಯೋಗವು ಭಯವನ್ನು ಹೆಚ್ಚಿಸುತ್ತದೆ. ಪಾಲಕರು ಹತ್ತಿರ ಬಂದು, ಕುದುರೆ ಶಾಂತವಾಗಿ ನಿಂತೊಡನೆ ಹಿಂದೆ ಸರಿಯುವುದು, ಸರಿಯಾದ ವರ್ತನೆಗೆ ಬಹುಮಾನ ನೀಡುವುದು ಮುಂತಾದ ವಿಧಾನಗಳಿಂದ ನಂಬಿಕೆಯನ್ನು ಬೆಳೆಸುತ್ತಾರೆ. ಕೊರಳಪಟ್ಟಿ ಹಾಕಿಸಿಕೊಳ್ಳುವುದು, ಕಾಲೆತ್ತಿ ಕೊಡುವುದು, ವಾಹನ ಏರುವುದು ಇವು ಆರಂಭದ ಪಾಠಗಳು. ಕಾಲೆತ್ತಿ ಕೊಡದ ಕುದುರೆಯ ಗೊರಸನ್ನು ಕತ್ತರಿಸಲಾಗದು. ಹೀಗಾಗಿ ಪಳಗಿಸುವಿಕೆಯೂ ಚಿಕಿತ್ಸೆಯ ಅಂಗವಾಗಿದೆ. ಕುದುರೆಯು ಹಿಂಡಿನಲ್ಲಿ ಬಾಳುವ ಜೀವಿಯಾದ್ದರಿಂದ ಪ್ರತ್ಯೇಕವಾಸದಲ್ಲಿಯೂ ಮತ್ತೊಂದು ಕುದುರೆ ಕಣ್ಣಿಗೆ ಕಾಣುವಂತೆ ಇರಿಸುವುದು ಒಳ್ಳೆಯದು.

ದಯಾಮರಣ

ಎಲ್ಲ ಕುದುರೆಗಳನ್ನೂ ಉಳಿಸಲಾಗುವುದಿಲ್ಲ. ನೆಲಕ್ಕೆ ಬಿದ್ದು ಮತ್ತೆ ನಿಲ್ಲಲಾರದ, ಅಂಗಾಂಗಗಳು ವಿಫಲವಾದ ಅಥವಾ ಗುಣಪಡಿಸಲಾಗದ ನೋವಿನಿಂದ ನರಳುವ ಪ್ರಾಣಿಗೆ ಪಶುವೈದ್ಯರ ತೀರ್ಮಾನದಂತೆ ದಯಾಮರಣ ನೀಡಲಾಗುತ್ತದೆ. ಜೀವ ಉಳಿಸುವುದಕ್ಕಿಂತ ಯಾತನೆಯನ್ನು ಕೊನೆಗಾಣಿಸುವುದು ಮೇಲೆಂಬ ಪಾಶ್ಚಾತ್ಯ ಸಂಸ್ಥೆಗಳ ನಿಲುವಿಗೂ, ಸಹಜ ಮರಣದವರೆಗೆ ಸಲಹಬೇಕೆಂಬ ಭಾರತದ ಪಿಂಜರಾಪೋಲು ಪರಂಪರೆಗೂ ಈ ವಿಷಯದಲ್ಲಿ ವ್ಯತ್ಯಾಸವಿದೆ.

ಹೊಸ ಪಾಲಕರು

ಚೇತರಿಸಿಕೊಂಡ ಕುದುರೆಗಳಿಗೆ ಹೊಸ ನೆಲೆ ಹುಡುಕದಿದ್ದರೆ ಆಶ್ರಯಧಾಮಗಳಲ್ಲಿ ಮುಂದಿನ ಕುದುರೆಗಳಿಗೆ ಸ್ಥಳವಿರುವುದಿಲ್ಲ. ವರ್ಲ್ಡ್ ಹಾರ್ಸ್ ವೆಲ್ಫೇರ್ ಮತ್ತು ರೆಡ್‌ವಿಂಗ್ಸ್ ಸಂಸ್ಥೆಗಳು ಕುದುರೆಯನ್ನು ಮಾರದೆ, ಒಡೆತನವನ್ನು ತಮ್ಮಲ್ಲಿಯೇ ಉಳಿಸಿಕೊಂಡು ಪಾಲಕರಿಗೆ ಒಪ್ಪಿಸುತ್ತವೆ. ಅನಂತರವೂ ಭೇಟಿ ನೀಡಿ ಪರಿಶೀಲಿಸುತ್ತವೆ. ಸವಾರಿಗೆ ಯೋಗ್ಯವಲ್ಲದ ಕುದುರೆಗಳನ್ನು ಇತರ ಕುದುರೆಗಳ ಸಂಗಾತಿಯಾಗಿ ನೀಡಲಾಗುತ್ತದೆ. ಸಂಖ್ಯೆ ಮತ್ತೆ ಬೆಳೆಯದಂತೆ ಗಂಡುಗಳ ಬೀಜ ತೆಗೆಸುವುದು ರೂಢಿ.

ಭಾರತದಲ್ಲಿ

ಭಾರತದ ಮೊದಲ ಪ್ರಾಣಿಹಿಂಸಾ ನಿವಾರಣ ಸಂಘವು 1861ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪನೆಯಾಯಿತು. ಸದ್ಯ 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆ ಜಾರಿಯಲ್ಲಿದೆ. 2017ರ ನಿಯಮಗಳ ಪ್ರಕಾರ, ಮೊಕದ್ದಮೆ ನಡೆಯುತ್ತಿರುವಾಗ ವಶಪಡಿಸಿಕೊಂಡ ಪ್ರಾಣಿಯನ್ನು ದಯಾಸಂಘ, ಪಿಂಜರಾಪೋಲು ಅಥವಾ ಗೋಶಾಲೆಯ ಪಾಲನೆಗೆ ಒಪ್ಪಿಸಬಹುದು.

ಇಲ್ಲಿ ಸಂಕಷ್ಟಕ್ಕೊಳಗಾಗುವವು ಹೆಚ್ಚಾಗಿ ದುಡಿಯುವ ಪ್ರಾಣಿಗಳು: ಟಾಂಗಾ ಎಳೆಯುವ, ಇಟ್ಟಿಗೆ ಗೂಡುಗಳಲ್ಲಿ ಹೊರೆ ಹೊರುವ, ಮದುವೆ ಮೆರವಣಿಗೆಗೆ ಬಳಸುವ ಕುದುರೆ ಹಾಗೂ ಹೇಸರಗತ್ತೆಗಳು. ಅವುಗಳ ಮಾಲೀಕರೂ ಬಡವರಾಗಿರುವುದರಿಂದ ಪ್ರಾಣಿಯನ್ನು ಕಸಿದುಕೊಳ್ಳುವುದಕ್ಕಿಂತ ಮಾಲೀಕರಿಗೆ ತಿಳಿವಳಿಕೆ ಮತ್ತು ಚಿಕಿತ್ಸೆ ಒದಗಿಸುವ ಮಾರ್ಗವನ್ನು ಬ್ರೂಕ್‌ನಂತಹ ಸಂಸ್ಥೆಗಳು ಅನುಸರಿಸುತ್ತವೆ. ಮುಂಬಯಿಯಲ್ಲಿ ಮೋಜಿನ ಸವಾರಿಗೆ ಬಳಸುವ ವಿಕ್ಟೋರಿಯಾ ಗಾಡಿಗಳು ಕಾನೂನುಬಾಹಿರವೆಂದು 2015ರಲ್ಲಿ ಬಾಂಬೆ ಉಚ್ಚ ನ್ಯಾಯಾಲಯ ತೀರ್ಪು ನೀಡಿದಾಗ ಕುದುರೆಗಳೊಂದಿಗೆ ಗಾಡಿಯವರ ಪುನರ್ವಸತಿಯ ಪ್ರಶ್ನೆಯೂ ಎದುರಾಯಿತು.

ಭಾರತದಲ್ಲಿ ಪ್ರತ್ಯೇಕವಾಸದ ಅವಧಿಯಲ್ಲಿ ಗ್ಲ್ಯಾಂಡರ್ಸ್ ಮತ್ತು ಸರ್ರಾ ರೋಗಗಳ ಪರೀಕ್ಷೆ ಮುಖ್ಯ. ಗ್ಲ್ಯಾಂಡರ್ಸ್ ಮನುಷ್ಯರಿಗೂ ಹರಡಬಲ್ಲದು. ಅದು ದೃಢಪಟ್ಟ ಪ್ರಾಣಿಯನ್ನು ಕಾನೂನಿನಂತೆ ಕೊಲ್ಲಲಾಗುತ್ತದೆ. ಕರ್ನಾಟಕದಲ್ಲಿ ಕುದುರೆಯ ಸಾಂಪ್ರದಾಯಿಕ ಆಹಾರವಾದ ಹುರುಳಿಯು ಆರೋಗ್ಯವಂತ ಪ್ರಾಣಿಗೆ ಬಲ ನೀಡುವಂತಹುದಾದರೂ, ಹಸಿವೆಯಿಂದ ಬಳಲಿದ ಕುದುರೆಗೆ ಮೊದಲ ದಿನಗಳಲ್ಲಿ ಹುರುಳಿ, ತೌಡು, ಬೆಲ್ಲಗಳಿಗಿಂತ ಅಳತೆಯ ಒಣ ಮೇವೇ ಸುರಕ್ಷಿತ.

ಇವನ್ನೂ ನೋಡಿ

ಕುದುರೆ
ಕತ್ತೆ
ಲಾಳ
ಕುದುರೆಮೆಂತೆ
ಪ್ರಾಣಿಹಿಂಸಾ ನಿವಾರಣ ಕಾಯಿದೆ, 1960